ಬೆರಕೆ ವಾಚಿಗೆ ಎಷ್ಟು ಮಾರು ಆಳ?

ಹೊಳಲ್ಕೆರೆ ಕಡೆಯ ಅಡಕೆ ತೋಟದಲ್ಲಿ ಸರಿರಾತ್ರಿ ತ್ರೀಫೇಸ್ ಕರೆಂಟು ಬಂತೆಂದರೆ ನಮ್ಮ ಭಾವ ಮೋಟರ್ ಹಾಕಿ, ಕೈಯಲ್ಲಿನ ವಾಚಿನ ಹೊರಬಳೆಯನ್ನು ಕಿರ್ರಕಿರ್ರನೆ ತಿರುಗಿಸಿ, ಅದರ ತ್ರಿಕೋನವನ್ನು ನಿಮಿಷದ ಮುಳ್ಳಿನ ಎದುರಿಗೆ ನಿಲ್ಲಿಸುತ್ತಾರೆ. ಮುಳ್ಳು ಬಳೆಯ ಮೇಲಿನ 40ಕ್ಕೆ ಬಂದಾಗ ಗೇಟ್‌ವಾಲ್ ಬದಲಿಸಿ ಪಕ್ಕದ ಸಾಲುಗಳಿಗೆ ನೀರು ಬಿಡಬೇಕು. ಡೈವ್ ವಾಚಿಗೆ ನಮ್ಮ ಬಯಲುಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಕೆಲಸವನ್ನು ನಾನು ಕಂಡಿಲ್ಲ. ಬಳೆ ತಿರುಗುವುದು ಎಡಕ್ಕೆ ಮಾತ್ರ. ಏಟು ತಗುಲಿ ಸರಿದರೂ ಕಳೆದ ಹೊತ್ತನ್ನು ಹೆಚ್ಚಾಗಿ ತೋರಿಸೀತೇ ಹೊರತು ಕಡಿಮೆ ತೋರಿಸದು. ಮುಳುಗಿದವನು ಸಿಲಿಂಡರಿನಲ್ಲಿ ಗಾಳಿ ಉಳಿದಿರುವಾಗಲೇ ಮೇಲೆ ಬರಲಿ ಎಂದು ಮಾಡಿದ ಏರ್ಪಾಡು ಅದು.

ಆ ವಾಚನ್ನು ಜೋಡಿಸಿದ್ದು ನಾನು, ಚಿತ್ರದುರ್ಗದ ಒಬ್ಬ ರಿಪೇರಿ ಸಾಹೇಬರ ಮೇಜಿನ ಮುಂದೆ ಕುಳಿತು. ಕೇಸು ಒಂದು ಕಡೆಯದು, ಡಯಲ್ ಇನ್ನೊಂದು ಕಡೆಯದು, ಮುಳ್ಳುಗಳು ಸಾಹೇಬರ ತಗಡಿನ ಡಬ್ಬಿಯವು. ಬೆರಕೆ ಸೊಪ್ಪಿನ ಸಾರಿನಂತೆ ಇದು ಬೆರಕೆ ವಾಚು.

ನನಗೆ ಬೇಕಿದ್ದದ್ದು ಅರವತ್ತರ ದಶಕದ ಚಹರೆ. 1953ರಲ್ಲಿ ಬ್ಲಾಂಕ್‌ಪೇನ್ ಕಂಪನಿ ತನ್ನ ಮುಳುಗು ವಾಚಿಗೆ ಇಟ್ಟ ಹೆಸರೇ ‘ಫಿಫ್ಟಿ ಫ್ಯಾದಮ್ಸ್’. ಫ್ಯಾದಮ್ ಅಂದರೆ ನಮ್ಮ ಮಾರು, ಎರಡೂ ಕೈ ಚಾಚಿದಷ್ಟು ಉದ್ದ. ಐವತ್ತು ಮಾರು ಎಂದರೆ ಸುಮಾರು 91 ಮೀಟರ್. 1965ರಲ್ಲಿ ಸೀಕೊ ತಂದ ಜಪಾನಿನ ಮೊದಲ ಡೈವ್ ವಾಚು, ಈಗ 62ಮಾಸ್ ಎಂದು ಕರೆಯುವುದು, 150 ಮೀಟರ್ ತಡೆಯುತ್ತಿತ್ತು. ಅಗಲ ಬರೀ 37 ಮಿಲಿಮೀಟರ್. ಈಗಿನ ತಟ್ಟೆಯಂಥ ವಾಚುಗಳ ನಡುವೆ ಅದರ ಅಳತೆಯೇ ನನ್ನ ಮನಸ್ಸಿಗೆ ಹಿಡಿಸಿದ್ದು.

ಒಳಗಿನ ಮಷಿನ್ ಎಚ್‌ಎಂಟಿಯದೇ ಆಗಲಿ ಎಂಬುದು ನನ್ನ ಮೊದಲ ಆಸೆ. 1961ರಲ್ಲಿ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಗಿ, ತುಮಕೂರಿಗೂ ಹಬ್ಬಿದ ಕಾರ್ಖಾನೆ ಅದು. 2016ರಲ್ಲಿ ಕೇಂದ್ರ ಸರ್ಕಾರ ಮುಚ್ಚಲು ತೀರ್ಮಾನಿಸಿತು. ಒಂದು ಜನತಾ ವಾಚನ್ನು ಮೇಜಿನ ಮೇಲಿಟ್ಟೆ. ಸಾಹೇಬರು ಕೀ ಕೊಟ್ಟು ಕಿವಿಗೆ ಹಿಡಿದರು.

“ಓಡ್ತಾ ಐತಲ್ಲ ಮೇಷ್ಟ್ರೇ. ಜೀವ ಇರೋದನ್ನ ಯಾಕೆ ಬಿಚ್ಚಿಸ್ತೀರಿ?”

ಅವರ ಮಾತನ್ನು ಈಗ ನಾನೂ ಬಲವಾಗಿ ಹೇಳುತ್ತೇನೆ: ಇಡಿಯಾಗಿ ಉಳಿದ ಜನತಾವನ್ನೋ ಪೈಲಟ್ಟನ್ನೋ ಬಿಡಿಭಾಗಕ್ಕಾಗಿ ಒಡೆಯಬಾರದು. ಡಯಲಿಗೆ ಹೊಸ ಬಣ್ಣ ಬಳಿದು ಹಳೆಯದೆಂದು ಮಾರುವುದಂತೂ ವಂಚನೆ. ಬೆರಕೆ ವಾಚಿನ ಡಯಲ್ ಮೇಲೆ ಕಂಪನಿಯ ಹೆಸರಿಲ್ಲದಿರುವುದೇ ಮರ್ಯಾದೆ.

ಕೊನೆಗೆ ಸೀಕೊ ಬಳಗದ ಎನ್‌ಎಚ್35 ತರಿಸಿದೆ. ಕೈ ಆಡಿದಂತೆ ತಾನೇ ಕೀ ತಿರುಗಿಸಿಕೊಳ್ಳುವ ಮಷಿನ್. 24 ಜ್ಯುವೆಲ್, ಗಂಟೆಗೆ 21,600 ಮಿಡಿತ, ಬಿಚ್ಚಿಟ್ಟರೂ ಸುಮಾರು 41 ಗಂಟೆ ಓಡುತ್ತದೆ. ಮುಳ್ಳುಗಳ ತೂತು ಗಂಟೆಯದು 1.5, ನಿಮಿಷದ್ದು 0.9, ಸೆಕೆಂಡಿನದು 0.2 ಮಿಲಿಮೀಟರ್. ಸಾಹೇಬರ ಡಬ್ಬಿಯಲ್ಲಿ ಅದೇ ಬಳಗದ ಕೆಟ್ಟ ವಾಚುಗಳು ಇದ್ದವು, ಮುಳ್ಳುಗಳು ಸಲೀಸಾಗಿ ಕೂತವು.

ಡಯಲ್ ಮಾತ್ರ ಹಟ ಹಿಡಿಯಿತು. 28.5 ಮಿಲಿಮೀಟರ್ ಅಗಲ ಸರಿಯಿತ್ತು, ಆದರೆ ಅದು ನಾಲ್ಕು ಗಂಟೆಯ ಹತ್ತಿರ ಕೀ ಇರುವ ವಾಚಿನದು. ನನ್ನ ಕೇಸಿಗೆ ಕೀ ಮೂರರಲ್ಲಿ. ಡಯಲ್ ಹಿಂದಿನ ಎರಡು ಪುಟ್ಟ ಕಾಲುಗಳನ್ನು ಮಷಿನ್‌ನ ತೂತಿಗೆ ಇಳಿಸಿದರೆ ಹನ್ನೆರಡರ ಗುರುತು ವಾಲುತ್ತಿತ್ತು. ಎರಡು ವಾರ ಹಾಗೇ ಇಟ್ಟುಕೊಂಡಿದ್ದೆ. ಕಡೆಗೆ ಕಾಲು ಕತ್ತರಿಸಿ, ಅಂಟುಚುಕ್ಕೆಯ ಮೇಲೆ ಕೂರಿಸಿದೆವು. ಇದು ಒಪ್ಪತಕ್ಕ ರೀತಿಯಲ್ಲ ಎನ್ನುವ ಬಲ್ಲವರಿದ್ದಾರೆ. ಹೆಸರಿಲ್ಲದ ಹೊಸ ಡಯಲಿಗೆ ಆಗಬಹುದು, ಹಳೆಯದಕ್ಕೆ ಕೂಡದು ಎಂಬುದು ನನ್ನ ನಿಲುವು.

ಕತ್ತಲಲ್ಲಿ ಹೊಳೆಯುವುದನ್ನೆಲ್ಲ ನಾವು ‘ರೇಡಿಯಂ’ ಎನ್ನುತ್ತೇವೆ. ಈಗಿನದು ಬೆಳಕು ಕುಡಿದು ಹೊಳೆಯುವ ನಿರಪಾಯದ ಪುಡಿ. ಅಜ್ಜನ ಕಾಲದ ವಾಚಿನಲ್ಲಿ ನಿಜವಾದ ರೇಡಿಯಂ ಇರಬಹುದು. ಅದರ ಹೊಳಪು ಸತ್ತಿರುವುದು ಜೊತೆಗಿನ ಬಣ್ಣ ಸವೆದದ್ದಕ್ಕೆ. ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಅಂಥ ಡಯಲನ್ನು ಕೆರೆಯಬೇಡಿ, ಆ ದೂಳು ಮೂಗಿಗೆ ಹೋಗಬಾರದು.

ಇನ್ನು ನೀರು. ಡೈವ್ ವಾಚು ಎನ್ನಿಸಿಕೊಳ್ಳುವುದು ಮುಖದಿಂದಲ್ಲ, ರಬ್ಬರ್ ವಾಷರಿನಿಂದ: ಹಿಂದಿನ ಮುಚ್ಚಳಕ್ಕೊಂದು, ಗಾಜಿಗೊಂದು, ತಿರುಪಿ ಕೂರಿಸುವ ಕೀಗೊಂದು. ಮಷಿನ್ ಕೂರಿಸುವ ಮೊದಲು ಖಾಲಿ ಕೇಸನ್ನು ರಾತ್ರಿಯಿಡೀ ಲೋಟದ ನೀರಲ್ಲಿಟ್ಟೆ. ಬೆಳಿಗ್ಗೆ ಒರೆಸಿ, ಬಿಸಿಲಲ್ಲಿ ಬೆಚ್ಚಗಾಗಿಸಿ, ಗಾಜಿನ ಮೇಲೆ ತಣ್ಣೀರಿನ ಹನಿ ಬಿಟ್ಟೆ. ಹನಿಯ ಅಡಿಯಲ್ಲಿ, ಗಾಜಿನ ಒಳಮೈಗೆ ಮಂಜು ಕಟ್ಟಿತು. ಅಂದರೆ ನೀರು ಒಳಹೊಕ್ಕಿದೆ. ಮುಚ್ಚಳ ತಿರುಪುವಾಗ ವಾಷರನ್ನು ಹಿಸುಕಿದವನು ನಾನೇ. ಹೊಸದಕ್ಕೆ ಸಿಲಿಕೋನ್ ಗ್ರೀಸ್ ಸವರಿ ಹಾಕಿದ ಮೇಲೆ ಗಾಜು ತಿಳಿಯಾಗಿಯೇ ಉಳಿಯಿತು.

ಹಿರಿಯೂರಿನ ಮಾರಿಕಣಿವೆಗೆ, 1907ರಲ್ಲಿ ಮುಗಿದ ವಾಣಿವಿಲಾಸ ಸಾಗರಕ್ಕೆ, ಪೂರ್ಣ ಮಟ್ಟ 130 ಅಡಿ. ನಮ್ಮ ಲೆಕ್ಕದಲ್ಲಿ ಇಪ್ಪತ್ತೆರಡು ಮಾರಿಗೂ ಕಡಿಮೆ. ಅಷ್ಟು ಆಳದಲ್ಲಿ ನೀರಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು ನಾಲ್ಕು ಪಟ್ಟು. 100 ಮೀಟರಿಗೆ ಮಾಡಿದ ಕೇಸು ಇದನ್ನು ತಡೆಯಬೇಕು. 1933ರ ನಂತರ 2022ರಲ್ಲಿ ಕೋಡಿ ಬಿದ್ದ ಆ ಜಲಾಶಯ 2025ರ ಜನವರಿಯಲ್ಲಿ ಮತ್ತೆ ತುಂಬಿದಾಗ, ವಾಚು ಕಟ್ಟಿಕೊಂಡು ಹೋಗಿ ಕೋಡಿಯ ತುಂತುರಿಗೆ ಕೈ ಒಡ್ಡಿ ನಿಂತಿದ್ದೆ. ಬಳಿಕ ಅದನ್ನು ಭಾವನಿಗೆ ಕೊಟ್ಟೆ.

ಕೊಡುವ ಮುನ್ನ ಸಾಹೇಬರು ಹಿಂದಿನ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಿಂಗಳು, ಇಸವಿ ಗೀಚಿ, ಪಕ್ಕದಲ್ಲಿ ‘ವಾಷರ್ ಹೊಸದು’ ಎಂದು ಬರೆದರು. ಮುಂದೆ ಯಾವ ಊರಲ್ಲಿ ಯಾರು ಬಿಚ್ಚಿದರೂ ಓದಿಕೊಳ್ಳಲಿ ಎಂದು.