ಮುದ್ರೆಯೊತ್ತಿದ ಸಮಾಧಿ: ಜೇಮ್ಸ್ ಕೋನ್‌ರ ಶಿಲುಬೆಯ ದೈವಶಾಸ್ತ್ರ ಕುರಿತು

ಅಮೆರಿಕದ ಕಪ್ಪು ದೈವಶಾಸ್ತ್ರಜ್ಞ ಜೇಮ್ಸ್ ಕೋನ್ 2011ರಲ್ಲಿ ಪ್ರಕಟಿಸಿದ ‘ದ ಕ್ರಾಸ್ ಅಂಡ್ ದ ಲಿಂಚಿಂಗ್ ಟ್ರೀ’ ಕೃತಿಯ ವಾದ ನೇರವಾದುದು: ಗೊಲ್ಗೊಥದ ಶಿಲುಬೆಯನ್ನೂ ಬಿಳಿಯರ ಗುಂಪುಗಳು ಕಪ್ಪು ಜನರನ್ನು ನೇಣಿಗೇರಿಸಿದ ಮರವನ್ನೂ ಒಟ್ಟಿಗೆ ಕಾಣದವರಿಗೆ ಆ ನಾಡಿನಲ್ಲಿ ಕ್ರಿಸ್ತನ ಗುರುತು ಸಿಗದು. ಶಿಲುಬೆಯ ಕುರಿತು ಆಳವಾಗಿ ಚಿಂತಿಸಿದ ರೈನ್‌ಹೋಲ್ಡ್ ನೀಬುರ್ ಈ ಸಂಬಂಧವನ್ನು ಕಾಣದೆ ಹೋದರೆಂಬ ಅವರ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಆದರೆ ಇಂದಿನ ಪೊಲೀಸ್ ಹತ್ಯೆಗಳನ್ನು ಅರಿಯಲು ಇದಿಷ್ಟೇ ಸಾಲದು. ಆ ಗುಂಪುಹತ್ಯೆಗಳು ಅನೇಕ ವೇಳೆ ಜನಜಂಗುಳಿಯ ಮುಂದೆಯೇ ನಡೆದವು. ಪೊಲೀಸ್ ಹತ್ಯೆಯಾದರೋ ಕಡತದೊಳಗೆ ಅಡಗಬಲ್ಲದು.

2014ರ ಅಕ್ಟೋಬರ್ 20ರಂದು ಶಿಕಾಗೊದಲ್ಲಿ 17 ವರ್ಷದ ಲಕ್ವಾನ್ ಮೆಕ್‌ಡೊನಾಲ್ಡ್‌ನ ಮೇಲೆ ಪೊಲೀಸ್ ಅಧಿಕಾರಿಯೊಬ್ಬ 16 ಗುಂಡು ಹಾರಿಸಿದ. ಚಾಕು ಹಿಡಿದ ಹುಡುಗ ಪೊಲೀಸರ ಮೇಲೆರಗಿದನೆಂಬ ಮಾತು ಮೊದಲು ಹೊರಬಿತ್ತು. ಪೊಲೀಸ್ ವಾಹನದ ಕ್ಯಾಮೆರಾ ಸೆರೆಹಿಡಿದದ್ದು ಅವರಿಂದ ದೂರ ಸರಿಯುತ್ತಿದ್ದ ಹುಡುಗನನ್ನು. ಆ ದೃಶ್ಯ 13 ತಿಂಗಳು ಹೊರಬರಲಿಲ್ಲ. ಪತ್ರಕರ್ತನೊಬ್ಬ ಹೂಡಿದ ದಾವೆಯಲ್ಲಿ ನ್ಯಾಯಾಲಯ ಆದೇಶಿಸಿದ ಬಳಿಕ, 2015ರ ನವೆಂಬರ್ 24ರಂದು ಅದು ಬಹಿರಂಗವಾಯಿತು; ಅಧಿಕಾರಿಯ ಮೇಲೆ ಕೊಲೆ ಆರೋಪ ಹೊರಿಸಿದ್ದೂ ಅಂದೇ. ಜನ ಬೀದಿಗಿಳಿದರು. ಡಿಸೆಂಬರ್ 1ರಂದು ಪೊಲೀಸ್ ಮುಖ್ಯಸ್ಥರು ಪದಚ್ಯುತರಾದರು. ಅಪರಾಧ ಸಾಬೀತಾಗಲು 2018ರ ಅಕ್ಟೋಬರ್ ಬರಬೇಕಾಯಿತು. ಸತ್ಯ ಮರೆಮಾಚಿದ ಆರೋಪ ಹೊತ್ತ ಮೂವರು ಅಧಿಕಾರಿಗಳು 2019ರ ಜನವರಿಯಲ್ಲಿ ಖುಲಾಸೆಗೊಂಡರು.

ಇಲ್ಲಿ ನಮಗೆ ನೆರವಾಗುವವನು ಸಂತ ಮತ್ತಾಯ. ಸಮಾಧಿಗೆ ಮುದ್ರೆಯೊತ್ತಿ ಕಾವಲಿರಿಸಿದ್ದನ್ನೂ ಕಾವಲುಗಾರರಿಗೆ ಹಣಕೊಟ್ಟು ಸುಳ್ಳು ಕಲಿಸಿದ್ದನ್ನೂ ಅವನೊಬ್ಬನೇ ದಾಖಲಿಸುತ್ತಾನೆ (27:66, 28:11-15). ಕೊಂದ ಮೇಲೂ ಅಧಿಕಾರಕ್ಕೆ ಒಂದು ಕೆಲಸ ಉಳಿದಿರುತ್ತದೆ: ಸಾವಿನ ಕಥೆಯನ್ನು ತಾನೇ ಹೇಳುವುದು. ಸಾವೂ ಸುಳ್ಳೂ ಎರಡು ಗಾಯಗಳು. ಶಿಕಾಗೊದ ಬೀದಿಗಳಲ್ಲಿ ಎರಡೂ ಒಟ್ಟಿಗೆ ಬಾಯಿತೆರೆದವು.

ಇದರ ಸುಳಿವು ಕೋನ್‌ರಲ್ಲೇ ಇದೆ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಹತನಾದ ಎಮೆಟ್ ಟಿಲ್‌ನ ಶವಪೆಟ್ಟಿಗೆಯನ್ನು ಅವನ ತಾಯಿ ಇದೇ ಶಿಕಾಗೊದಲ್ಲಿ ತೆರೆದಿಡಿಸಿದಳು. ಕೋನ್ ಅಲ್ಲಿ ಆ ತಾಯಿಯ ವಿಶ್ವಾಸವನ್ನು ಕಾಣುತ್ತಾರೆ. ಪೆಟ್ಟಿಗೆಯನ್ನು ಮುಚ್ಚಿಡಬಯಸುವ ಕೈಗಳ ಪಾಪವನ್ನೂ ವಿವೇಚಿಸುವ ಹೊಣೆ ಅವರ ಓದುಗರಾದ ನಮ್ಮದು.

ತನಿಖೆಗೆ ಕಾಲಾವಕಾಶ ಬೇಡವೇ? ಬೇಕು, ಆತುರದ ತೀರ್ಪೂ ಅನ್ಯಾಯವೇ. ಆದರೆ ಸತ್ಯವನ್ನು ಶೋಧಿಸಲು ತಗಲುವ ಕಾಲ ಬೇರೆ, ಹೂಳಲು ಬಳಸುವ ಕಾಲ ಬೇರೆ. ಈ ಭೇದವನ್ನು ಗಮನಿಸದೆ, ಬೀದಿಗಿಳಿದವರಿಗೆ ಮಾತ್ರ ಶಾಂತಿಯನ್ನು ಬೋಧಿಸುವ ಗುರು ಅರಿಯದೆಯೇ ಮುದ್ರೆಯ ಕಾವಲಿಗೆ ನಿಲ್ಲುತ್ತಾನೆ. ಹಿಂಸೆ ಬೇಡವೆನ್ನುವ ಬಾಯಿ ಕಡತ ತೆರೆಯಿರೆಂದೂ ಹೇಳಬೇಕು. ಕಾವಲುಗಾರರ ಸುಳ್ಳಿನ ಭಾಗವನ್ನು ಧರ್ಮಸಭೆ ಪಾಸ್ಖದ ಮರುದಿನ, ಸೋಮವಾರವೇ ವಾಚಿಸುತ್ತದೆ. ಅಂದಿನ ಪ್ರಬೋಧನೆಯಲ್ಲಿ ಆ ಐದು ವಚನಗಳನ್ನು ನಾವು ದಾಟಿಹೋಗದಿರೋಣ.