ಮಿಡಿತಕ್ಕೆ ಮಿನುಗುವ ಬಣ್ಣಗಳು

ನರಕೋಶದ ಪೊರೆ ಕೆಲವೇ ನ್ಯಾನೋಮೀಟರ್ ದಪ್ಪ. ಅದರ ಒಳ-ಹೊರಗಿನ ವೋಲ್ಟೇಜು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಜಿಗಿದು ಇಳಿಯುತ್ತದೆ. ಅದನ್ನಳೆಯಲು ಸೂಜಿಯಂಥ ಎಲೆಕ್ಟ್ರೋಡನ್ನು ಒಂದು ಕೋಶಕ್ಕೆ ಚುಚ್ಚಬಹುದು; ನೂರು ಕೋಶಗಳಿಗೆ ಒಟ್ಟಿಗೆ ಚುಚ್ಚುವುದು ಹೇಗೆ?

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಾರೆನ್ಸ್ ಕೋಹೆನ್ ಮತ್ತು ಸಂಗಡಿಗರು ವೋಲ್ಟೇಜಿಗೆ ತಕ್ಕಂತೆ ಹೊಳಪು ಬದಲಿಸುವ ಬಣ್ಣಗಳ ಮೊರೆಹೋದರು. ನೂರಾರು ಬಣ್ಣಗಳನ್ನು ಒಂದೊಂದಾಗಿ ಪರೀಕ್ಷಿಸಿದ ಅವರ ತಾಳ್ಮೆಗೆ ತಲೆಬಾಗುತ್ತೇನೆ. 1973ರಲ್ಲಿ ಜಿಗಣೆಯ ಬಿಡಿ ನರಕೋಶಗಳ ಮಿಡಿತ ಮೆರೋಸಯನಿನ್ ಬಣ್ಣದ ಹೊಳಪಿನಲ್ಲಿ ದಾಖಲಾಯಿತು.

ಆಮೇಲೆ ಬಂದ ಡೈ-4-ಅನೆಪ್ಸ್ ಎಂಬ ಬಣ್ಣ ನನಗೆ ಅಚ್ಚುಮೆಚ್ಚು. ಅದರ ಅಣುವಿನ ಎಣ್ಣೆ ಬಯಸುವ ಬಾಲಗಳು ಪೊರೆಯೊಳಗೆ ನಾಟಿಕೊಳ್ಳುತ್ತವೆ, ನೀರು ಬಯಸುವ ತುದಿ ಹೊರಗುಳಿಯುತ್ತದೆ. ವೋಲ್ಟೇಜು ಬದಲಾದೊಡನೆ, ಅಣು ಕದಲದೆಯೇ, ಅದು ಹೀರುವ ಮತ್ತು ಸೂಸುವ ಬೆಳಕಿನ ಬಣ್ಣ ತುಸು ಜರುಗುತ್ತದೆ. 100 ಮಿಲಿವೋಲ್ಟಿಗೆ ಹೊಳಪಿನ ವ್ಯತ್ಯಾಸ ಶೇ. 10ರ ಆಸುಪಾಸು, ಅಷ್ಟೇ. ಆದರೂ ಹೃದಯದ ಮೇಲೆ ವಿದ್ಯುತ್ ಅಲೆ ಹಬ್ಬುವುದನ್ನು, ಲಯ ತಪ್ಪಿದಾಗ ಅದು ಸುರುಳಿ ಸುತ್ತುವುದನ್ನು ಕ್ಯಾಮೆರಾ ಕಣ್ಣಾರೆ ತೋರಿಸಿದ್ದು ಇಂಥ ಬಣ್ಣಗಳ ನೆರವಿನಿಂದ.

ಬೆಳಕು ಅತಿಯಾದರೆ ಬಣ್ಣವೇ ಕೋಶಕ್ಕೆ ವಿಷವಾಗುತ್ತದೆ. ಕಡಿಮೆಯಾದರೆ ಸಂಕೇತ ಗದ್ದಲದಲ್ಲಿ ಮುಳುಗುತ್ತದೆ. ಆ ಹದವನ್ನು ಪ್ರಯೋಗಶಾಲೆಯಲ್ಲಿ ಪ್ರತಿ ಸಲವೂ ಹೊಸದಾಗಿ ಹುಡುಕಬೇಕು.