'ಸ್ಟಾರ್ ಟ್ರೆಕ್' ಕಥಾನಕದ ಸ್ತ್ರೀಪಾತ್ರಗಳೂ ಅಭಿಮಾನಿನಿಯರ ವಿಮರ್ಶೆಯೂ

ಒಂದು ಕೃತಿಯಲ್ಲಿ ಅನುರಾಗವುಳ್ಳವರೇ ಅದರ ದೋಷಗಳನ್ನು ನಿಷ್ಠುರವಾಗಿ ಎತ್ತಿ ತೋರಿಸುವುದು ಮೇಲುನೋಟಕ್ಕೆ ವಿರೋಧವೆಂದು ಕಾಣಬಹುದು. ಅಮೆರಿಕದಲ್ಲಿ 1966ರಿಂದ 1969ರ ವರೆಗೆ ಟೆಲಿವಿಷನ್ನಿನಲ್ಲಿ ಪ್ರದರ್ಶಿತವಾಗಿ, ಅನಂತರ ಅನೇಕ ಮಾಲೆಗಳಾಗಿಯೂ ಚಲಚ್ಚಿತ್ರಗಳಾಗಿಯೂ ಬೆಳೆದ 'ಸ್ಟಾರ್ ಟ್ರೆಕ್' ಎಂಬ ವೈಜ್ಞಾನಿಕ ಕಥಾನಕದ ವಿಷಯದಲ್ಲಿ ನಡೆದುದು ಇದೇ. ಅದರ ಅಭಿಮಾನಿಗಳ ಮೊದಲ ಪತ್ರಿಕೆಯೆನಿಸಿದ 'ಸ್ಪಾಕನೇಲಿಯ'ವನ್ನು 1967ರಲ್ಲಿ ಹೊರತಂದವರು ಸ್ತ್ರೀಯರು. ಅದರ ಸ್ತ್ರೀಪಾತ್ರಗಳನ್ನು ಒರೆಗೆ ಹಚ್ಚಿದವರಲ್ಲಿ ಮುಂದಾದವರೂ ಇಂಥ ಅಭಿಮಾನಿನಿಯರೇ.

ಅವರು ಹಿಡಿದ ಅಳತೆಗೋಲು ಹೊರಗಿನಿಂದ ತಂದುದಲ್ಲ. ವರ್ಣಭೇದವೂ ಲಿಂಗಭೇದವೂ ಅಳಿದ ಭವಿಷ್ಯಕಾಲವನ್ನು ಚಿತ್ರಿಸುವೆನೆಂದು ಕೃತಿಯೇ ಮಾತು ಕೊಟ್ಟಿದೆ. ಪಾತ್ರಗಳು ಆ ಮಾತಿಗೆ ತಕ್ಕಂತಿವೆಯೇ ಎಂಬುದೇ ಅವರ ಪ್ರಶ್ನೆ. ಭಾರತೀಯ ಆಲಂಕಾರಿಕರು ಔಚಿತ್ಯವೆಂದು ಕರೆದ ಗುಣವನ್ನೇ ಇಲ್ಲಿ ಅರಸಲಾಗಿದೆ. ಈ ಪರೀಕ್ಷೆಯಲ್ಲಿ ಕೃತಿಯು ಮೊದಲಲ್ಲೇ ಎಡವಿತು. ಆರಂಭದ ಮಾದರಿ ಪ್ರಕರಣದಲ್ಲಿ, ನಾಯಕನಿಲ್ಲದಾಗ ನಭೋನೌಕೆಯ ಆಧಿಪತ್ಯವನ್ನು ವಹಿಸುವ ಅಧಿಕಾರಿಣಿಯೊಬ್ಬಳಿದ್ದಳು. 1966ರಲ್ಲಿ ಮಾಲೆಯು ಬೆಳಕಿಗೆ ಬಂದಾಗ ಆ ಪಾತ್ರವಿರಲಿಲ್ಲ. ಅದನ್ನು ಅಭಿನಯಿಸಿದ್ದ ಮೇಜಲ್ ಬ್ಯಾರೆಟ್ ದಾದಿಯ ಪಾತ್ರದಲ್ಲಿ ಕಾಣಿಸಿಕೊಂಡರು.

ವಿವಾದಕ್ಕೆ ಮುಖ್ಯವಾದ ಸ್ಥಳವೆಂದರೆ 1969ರ ಜೂನ್ 3ರಂದು ಪ್ರದರ್ಶಿತವಾದ ಮೊದಲ ಮಾಲೆಯ ಕೊನೆಯ ಪ್ರಕರಣ, 'ಟರ್ನಬೌಟ್ ಇಂಟ್ರೂಡರ್'. ಅದರಲ್ಲಿ ಜಾನಿಸ್ ಲೆಸ್ಟರ್ ಎಂಬುವಳು ಯಂತ್ರಬಲದಿಂದ ನಾಯಕನಾದ ಕರ್ಕನ ದೇಹವನ್ನು ಸೇರಿ ಅವನ ಅಧಿಕಾರವನ್ನು ಅಪಹರಿಸುತ್ತಾಳೆ. ನೌಕಾನಾಯಕರ ಲೋಕದಲ್ಲಿ ಸ್ತ್ರೀಯರಿಗೆ ಎಡೆಯಿಲ್ಲವೆಂಬುದು ಅವಳ ಆಕ್ಷೇಪ. ಉನ್ಮತ್ತೆಯ ಮಾತು ಪ್ರಮಾಣವಲ್ಲವೆಂದು ಕೆಲವರು ಸಮಾಧಾನ ಹೇಳುವುದುಂಟು. ಆದರೆ ಅದು ಅನ್ಯಾಯವೆಂದು ಅವಳು ಹೇಳಿದಾಗ ಕರ್ಕನು ಅಲ್ಲಗಳೆಯದೆ ಒಪ್ಪಿಕೊಳ್ಳುತ್ತಾನಾದುದರಿಂದ ಈ ಸಮಾಧಾನವು ನಿಲ್ಲುವುದಿಲ್ಲ. ಅನ್ಯಾಯವನ್ನು ಒಪ್ಪಿಯೂ, ಅದನ್ನು ಬಾಯಿಬಿಟ್ಟು ಹೇಳಿದವಳನ್ನು ಉನ್ಮತ್ತೆಯನ್ನಾಗಿ ಮಾಡಿದುದೇ ಇಲ್ಲಿಯ ಅನೌಚಿತ್ಯ. ಮುಂದೆ 1986ರ ಚಲಚ್ಚಿತ್ರದಲ್ಲಿ ಸ್ತ್ರೀಯೊಬ್ಬಳು ನೌಕಾನಾಯಿಕೆಯಾಗಿ ಕಾಣಿಸಿಕೊಂಡಳು; 1995ರಲ್ಲಿ ಆರಂಭವಾದ 'ವಾಯೇಜರ್' ಮಾಲೆಗೆ ಜೇನ್‌ವೇ ಎಂಬುವಳೇ ನಾಯಿಕೆಯಾದಳು. ಆಕ್ಷೇಪವು ಸಕಾರಣವಾಗಿತ್ತೆಂಬುದಕ್ಕೆ ಕೃತಿಯ ಈ ಮಾರ್ಪಾಡೇ ಸಾಕ್ಷಿ.

ದೋಷಗಳನ್ನು ಎಣಿಸುವುದಷ್ಟೇ ಅಭಿಮಾನಿಗಳ ಕಾರ್ಯವಾಗಿರಲಿಲ್ಲ. ನಿಶೆಲ್ ನಿಕಲ್ಸ್ ಅಭಿನಯಿಸಿದ ಉಹುರಾಳಿಗೆ ಮೊದಲ ಮಾಲೆಯಲ್ಲಿ ಸಂದೇಶಗಳನ್ನು ನಾಯಕನಿಗೆ ತಿಳಿಸುವುದೇ ಮುಖ್ಯ ಉದ್ಯೋಗ. ಅವಳ ಸ್ವಂತ ಹೆಸರು ಕೂಡ ಅಲ್ಲಿ ಕೇಳಿಬರುವುದಿಲ್ಲ. ಸ್ವಾಹಿಲಿ ಭಾಷೆಯಲ್ಲಿ ನಕ್ಷತ್ರವೆಂಬ ಅರ್ಥವುಳ್ಳ 'ನ್ಯೋಟಾ' ಎಂಬ ಹೆಸರು ಕಾದಂಬರಿಗಳಲ್ಲಿಯೂ ಅಭಿಮಾನಿಗಳಲ್ಲಿಯೂ ಬಹುಕಾಲ ಬಳಕೆಯಲ್ಲಿದ್ದು, 2009ರ ಚಲಚ್ಚಿತ್ರದಲ್ಲಿಯೇ ಮೊದಲ ಬಾರಿ ತೆರೆಯ ಮೇಲೆ ಉಚ್ಚರಿತವಾಯಿತು. ಕರ್ತೃಗಳು ಉಪೇಕ್ಷಿಸಿದುದನ್ನು ಸಹೃದಯರು ಕಾಪಾಡಿಕೊಂಡು ಬಂದುದಕ್ಕೆ ಇದು ನಿದರ್ಶನ.

ಈ ಸ್ತ್ರೀಯರು ತಮ್ಮ ಬರೆಹವನ್ನೂ ಪರೀಕ್ಷಿಸದೆ ಬಿಡಲಿಲ್ಲ. 1973ರಲ್ಲಿ ಪೌಲಾ ಸ್ಮಿತ್ ಅವರು ಅಭಿಮಾನಿಗಳ ಪತ್ರಿಕೆಯೊಂದರಲ್ಲಿ, 15½ ವರ್ಷಕ್ಕೇ ಅಧಿಕಾರಿಣಿಯಾಗಿ ಸರ್ವರ ಪ್ರಶಂಸೆಯನ್ನೂ ಪಡೆಯುವ 'ಮೇರಿ ಸ್ಯೂ' ಎಂಬುವಳನ್ನು ಕಲ್ಪಿಸಿ, ಅಭಿಮಾನಿಗಳ ಕಥೆಗಳಲ್ಲಿಯ ದೋಷರಹಿತ ನಾಯಿಕೆಯರನ್ನು ಪರಿಹಾಸ ಮಾಡಿದರು. ಕಾಲಕ್ರಮದಲ್ಲಿ ಈ ಹೆಸರು ಸಮರ್ಥೆಯಾದ ಯಾವ ಸ್ತ್ರೀಪಾತ್ರವನ್ನಾದರೂ ಹಳಿಯುವ ಮಾತಾಯಿತು. 2017ರಲ್ಲಿ ಆರಂಭವಾದ 'ಡಿಸ್ಕವರಿ' ಮಾಲೆಯ ಮೈಕೆಲ್ ಬರ್ನ್‌ಹ್ಯಾಮಳೂ ಅದಕ್ಕೆ ಗುರಿಯಾದಳು. ಎಲ್ಲ ಸಂಕಟಗಳನ್ನೂ ಗೆದ್ದುಬರುವ ಕರ್ಕನಿಗಾದರೋ ಅದು ಸಾಹಸವೆಂದೇ ಸಂದಿತು.

ಸ್ತ್ರೀಪಾತ್ರಗಳು ನಿರ್ದುಷ್ಟವಾಗಿರಬೇಕೆಂದು ಈ ವಿಮರ್ಶೆಯು ಕೇಳುವುದಿಲ್ಲ; ಆಜ್ಞಾಪಿಸುವುದಕ್ಕೂ ತಪ್ಪುವುದಕ್ಕೂ ತಿದ್ದಿಕೊಳ್ಳುವುದಕ್ಕೂ ಪುರುಷಪಾತ್ರಗಳಿಗಿರುವ ಅವಕಾಶವು ಅವಕ್ಕೂ ಇರಬೇಕೆಂದು ಕೇಳುತ್ತದೆ. ಆದಕಾರಣ ಇದನ್ನು ಕೃತಘ್ನತೆಯೆಂದು ಎಣಿಸುವುದು ಸಲ್ಲದು. ಕೃತಿಯು ಕೊಟ್ಟ ಮಾತನ್ನು ಅದರ ಕರ್ತೃಗಳಿಗಿಂತಲೂ ಹೆಚ್ಚಾಗಿ ನಂಬಿದವರ ವಿಮರ್ಶೆಯಿದು.